ಒಂಬತ್ತು ನಿಮಿಷದ ಎಚ್ಚರ

ಆಸ್ಪತ್ರೆಯ ಮೂರನೇ ಮಹಡಿಯ ಆಪರೇಷನ್ ಥಿಯೇಟರಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಸರ್ಜನ್‌ನಿಂದ ಹಿಡಿದು ನೆಲ ಒರೆಸುವ ಆಯಾವರೆಗೆ ಎಲ್ಲರಿಗೂ ಅವನು ಟೇಪು. ಟೇಪ್‌ರೆಕಾರ್ಡರಿನ ಟೇಪು. ಯಾರ ಧ್ವನಿಯೇ ಆಗಲಿ ಎರಡು ಸಲ ಕಿವಿಗೆ ಬಿದ್ದರೆ ಸಾಕು, ಮೂರನೆಯ ಸಲ ಅದು ಅವನ ಬಾಯಿಂದಲೇ ಹೊರಡುತ್ತಿತ್ತು. ಮೂಗಿನಲ್ಲಿ ಮಾತಾಡುವ ಮೇಲ್ವಿಚಾರಕ, ಪ್ರತಿ ವಾಕ್ಯಕ್ಕೂ ಕೆಮ್ಮುವ ಔಷಧದಂಗಡಿಯವನು, ಫೋನಿನಲ್ಲಿ ಹೆಂಡತಿಗೆ ಮಾತ್ರ ಮೆತ್ತಗಾಗುವ ಸರ್ಜನ್, ಒಬ್ಬರನ್ನೂ ಬಿಟ್ಟವನಲ್ಲ. ಸರ್ಜನ್ ತನ್ನ ಅಣಕವನ್ನು ತಾನೇ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದುಂಟು.

ಕೆಲಸದಲ್ಲಿ ಅವನು ಅರಿವಳಿಕೆ ವಿಭಾಗದ ಟೆಕ್ನಿಷಿಯನ್. ಹತ್ತೊಂಬತ್ತು ವರ್ಷದ ಸರ್ವಿಸು. ಬೆಳಿಗ್ಗೆ ಏಳಕ್ಕೆಲ್ಲ ಬಂದು ಗ್ಯಾಸಿನ ಪೈಪುಗಳನ್ನು ಪರೀಕ್ಷಿಸಬೇಕು, ಉಸಿರಿನ ನಳಿಗೆಗಳನ್ನು ಅಳತೆಗೆ ತಕ್ಕಂತೆ ಜೋಡಿಸಿಡಬೇಕು. ರೋಗಿಯನ್ನು ಮಂಪರಿನಲ್ಲಿಡುವ ಆವಿಯ ಔಷಧದ ಡಬ್ಬಿಯನ್ನು ಪ್ರತಿ ಆಪರೇಷನ್ನಿಗೂ ಮೊದಲು ತುಂಬಿಸಬೇಕು. ಡಬ್ಬಿಗೊಂದು ಬೆರಳುದ್ದದ ಗಾಜಿನ ಕಿಂಡಿಯಿದೆ. ಒಳಗೆ ಎಷ್ಟಿದೆ ಎಂಬುದು ಅದರಲ್ಲಿ ಕಾಣುತ್ತದೆ. ಕೊನೆಗೆ ರೋಗಿಯ ಹಣೆಗೊಂದು ಪಟ್ಟಿ ಅಂಟಿಸಿ ಅದರ ತಂತಿಯನ್ನು ಮಿದುಳಿನ ಅಲೆ ತೋರಿಸುವ ಯಂತ್ರಕ್ಕೆ ಸಿಕ್ಕಿಸಿದರೆ ಅವನ ಅರ್ಧ ಕೆಲಸ ಮುಗಿದಂತೆ.

ಆ ಯಂತ್ರ ಬಂದು ಆರು ವರ್ಷವಾಗಿತ್ತು. ಬಂದ ಹೊಸದರಲ್ಲಿ ಅರಿವಳಿಕೆಯ ಡಾಕ್ಟರಮ್ಮ ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪರದೆ ತೋರಿಸಿದ್ದರು. ಐವತ್ತು ದಾಟುತ್ತಿದ್ದ, ಕಡಿಮೆ ಮಾತಿನ ಹೆಂಗಸು.

"ನಿದ್ದೆ ತಾನೇ ಮೇಡಂ ಇದು?" ಎಂದಿದ್ದ ಟೇಪು.

"ನಿದ್ದೆ ಅಲ್ಲಪ್ಪ. ನಿದ್ದೆ ಮಾಡೋನನ್ನ ಚಿವುಟಿ ನೋಡು, ಎದ್ದು ಬೈತಾನೆ. ಇವರು ಹೊಟ್ಟೆ ಕುಯ್ದರೂ ಬೈಯೋಲ್ಲ. ಇಲ್ಲಿ ನೋಡು, ಈಗ ಎಚ್ಚರ ಇದಾರೆ. ಗೆರೆ ಹೇಗಿದೆ? ಚಿಕ್ಕ ಚಿಕ್ಕದು, ಅಡ್ಡಾದಿಡ್ಡಿ. ಮಾರ್ಕೆಟ್ ಇದ್ದ ಹಾಗೆ. ಒಬ್ಬೊಬ್ಬರು ಒಂದೊಂದು ಮಾತಾಡ್ತಿರ್ತಾರೆ, ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡ್ತಾರೆ. ಆ ಗಲಾಟೇನೇ ಎಚ್ಚರ ಅಂದ್ರೆ."

ಔಷಧ ಒಳಗೆ ಹೋಯಿತು. ಪರದೆಯ ಮೇಲಿನ ಮುಳ್ಳುಮುಳ್ಳು ಗೆರೆ ಉಬ್ಬುತ್ತ, ನಿಧಾನವಾಗುತ್ತ, ದಪ್ಪ ದಪ್ಪ ಅಲೆಗಳಾಗಿ ತೂಗಾಡತೊಡಗಿತು. ಆ ಅಲೆಗಳ ಬೆನ್ನ ಮೇಲೆ ಸೆಕೆಂಡಿಗೆ ಹತ್ತರಂತೆ ಸಣ್ಣದೊಂದು ಸಮನಾದ ನಡುಕ.

"ಈಗ ಅಷ್ಟೂ ಜನ ಸೇರಿ ಒಂದೇ ರಾಗ ಗುನುಗ್ತಿದಾರೆ ಅಂದ್ಕೋ. ಯಾರೂ ಸತ್ತಿಲ್ಲ, ಯಾರೂ ಅಂಗಡಿ ಮುಚ್ಚಿಲ್ಲ. ಆದ್ರೆ ಒಬ್ಬರ ಮಾತು ಇನ್ನೊಬ್ಬರಿಗೆ ದಾಟಲ್ಲ. ಕಿವಿ ಕೆಲಸ ಮಾಡ್ತಾನೇ ಇರುತ್ತೆ, ಶಬ್ದ ಒಳಗೂ ಹೋಗುತ್ತೆ. ಅದನ್ನ ಎತ್ತಿಕೊಂಡು ಮುಂದಕ್ಕೆ ಮುಟ್ಟಿಸೋರಿಲ್ಲ, ಅಷ್ಟೇ."

"ಹಾಗಾದ್ರೆ ಇವರ ಮುಂದೆ ಏನು ಬೇಕಾದ್ರೂ ಮಾತಾಡ್ಬಹುದು ಅನ್ನಿ."

ಡಾಕ್ಟರಮ್ಮ ಕನ್ನಡಕದ ಮೇಲಿಂದ ಅವನನ್ನು ನೋಡಿದ್ದರು. "ಮಾತಾಡದೆ ಇರೋದೂ ಒಂದು ಕೆಲಸ ಕಣಯ್ಯ. ಕಲಿ."

ಅವನು ಅಲೆ ಓದುವುದನ್ನು ಕಲಿತ, ಮಾತಾಡದೆ ಇರುವುದನ್ನು ಕಲಿಯಲಿಲ್ಲ. ಯಂತ್ರ ಅಲೆಯನ್ನು ಲೆಕ್ಕ ಹಾಕಿ ಒಂದು ಸಂಖ್ಯೆ ತೋರಿಸುತ್ತಿತ್ತು: ಪೂರ್ತಿ ಎಚ್ಚರವೆಂದರೆ ನೂರರ ಹತ್ತಿರ, ಆಪರೇಷನ್ನಿಗೆ ನಲವತ್ತರಿಂದ ಅರವತ್ತು. ಮುದುಕರ ಅಲೆ ಸಣ್ಣ, ಮಕ್ಕಳದು ಎತ್ತರ. ವರ್ಷ ಎರಡು ಕಳೆಯುವುದರೊಳಗೆ ಪರದೆ ನೋಡಿಯೇ ಅವನು ರೋಗಿಯ ವಯಸ್ಸನ್ನು ಹೆಚ್ಚು ಕಡಿಮೆ ಹೇಳಬಲ್ಲವನಾಗಿದ್ದ. ಅದರ ಜಂಬವೂ ಇತ್ತು.

ಅವನು ದಿನವೂ ಬಸ್ಸು ಬದಲಿಸುವ ನಿಲ್ದಾಣದಲ್ಲಿ ಗಾಜಿನ ಗೂಡೊಂದಿತ್ತು. ಅದರೊಳಗೆ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಹೇಳುವ ಹೆಂಗಸನ್ನು ಎಲ್ಲರೂ ಅನೌನ್ಸರ್ ಅಕ್ಕ ಎನ್ನುತ್ತಿದ್ದರು. ದಪ್ಪ ಮೈ, ಅಗಲ ಮುಖ, ಐವತ್ತರ ಆಸುಪಾಸು, ಮದುವೆಯಾಗಿರಲಿಲ್ಲ. ಧ್ವನಿ ಮಾತ್ರ ಬೇರೆಯೇ. ಬಸ್ಸು ಒಂದು ಗಂಟೆ ತಡ ಎಂದು ಆಕೆ ಹೇಳಿದರೂ ಜನಕ್ಕೆ ಸಿಟ್ಟು ಬರುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಕೇಳುತ್ತಿದ್ದ ಟೇಪುವಿಗೆ ಆ ಧ್ವನಿ ಬಾಯಿಪಾಠ. "ಪ್ರಯಾಣಿಕರ ಗಮನಕ್ಕೆ" ಎನ್ನುವಾಗ 'ಗಮನಕ್ಕೆ' ಎಂಬಲ್ಲಿ ಒಂಚೂರು ಮೇಲೇರಿ ಇಳಿಯುವುದನ್ನೂ ಹಿಡಿದಿದ್ದ. ಮನೆಯಲ್ಲಿ ಮಗಳು ಶಾಲೆಗೆ ಹೊರಡಲು ತಡಮಾಡಿದರೆ ಅದೇ ಧ್ವನಿಯಲ್ಲಿ ಕೂಗುತ್ತಿದ್ದ. ಮಗಳು ಬಿದ್ದು ಬಿದ್ದು ನಗುತ್ತಿದ್ದಳು.

ಆ ಅಕ್ಕನೇ ಒಂದು ಬುಧವಾರ ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ಬಂದಳು. ಗಾಲಿಮಂಚದ ಮೇಲೆ ಮಲಗಿ "ಈ ಕನ್ನಡಕ ಯಾರ ಕೈಲಿ ಕೊಡ್ಲಿ?" ಎಂದದ್ದೇ ತಡ, ಟೇಪುವಿಗೆ ಗುರುತು ಹತ್ತಿತು.

"ಅಕ್ಕಾ, ನೀವು ಬಸ್‌ಸ್ಟ್ಯಾಂಡಿನವರಲ್ವಾ? ನಿಮ್ಮ ಧ್ವನಿ ಕೇಳದೆ ನನಗೆ ಬೆಳಗೇ ಆಗಲ್ಲ."

ಹೆದರಿ ಬಿಳಿಚಿಕೊಂಡಿದ್ದ ಮುಖ ಸ್ವಲ್ಪ ಅರಳಿತು. ಅವನು ಹಣೆಗೆ ಪಟ್ಟಿ ಅಂಟಿಸುವಾಗ ಆಕೆ ಮೆಲ್ಲಗೆ ಕೇಳಿದಳು: "ಅಣ್ಣಾ, ನಡುವೆ ಎಚ್ಚರ ಆಗಿಬಿಟ್ರೆ?"

"ನಾನಿದೀನಲ್ಲ ಅಕ್ಕಾ. ಹಾಗೆಲ್ಲ ಆಗೋಕೆ ಬಿಡ್ತೀನಾ?"

ಅವತ್ತಿನ ಮೊದಲ ಆಪರೇಷನ್ ಉದ್ದಕ್ಕೆ ಎಳೆದಿತ್ತು. ಅದಕ್ಕೂ ಇದಕ್ಕೂ ನಡುವೆ ಡಬ್ಬಿ ತುಂಬಿಸಬೇಕಾದ ಹೊತ್ತಿನಲ್ಲಿ ಅವನು ಹೊರಗೆ ಚಹಾ ಕುಡಿಯುತ್ತ ನರ್ಸುಗಳಿಗೆ ಮೇಲ್ವಿಚಾರಕನ ಮೂಗಿನ ಮಾತು ಕೇಳಿಸುತ್ತಿದ್ದ. ಯಂತ್ರದ ಅಲಾರಂ ಮಾತುಮಾತಿಗೆ ಕಿರುಚಿ ಸರ್ಜನ್‌ಗೆ ಸಿಡುಕು ತರುತ್ತದೆಂದು ಅದರ ಬಾಯನ್ನೂ ಅವನೇ ಮುಚ್ಚಿದ್ದ.

ಆಪರೇಷನ್ ಅರ್ಧಕ್ಕೆ ಬಂದಾಗ ಪಕ್ಕದ ಥಿಯೇಟರಿನಿಂದ ತುರ್ತು ಕರೆ ಬಂತು. "ಎರಡೇ ನಿಮಿಷ, ನೋಡ್ಕೋ" ಎಂದು ಡಾಕ್ಟರಮ್ಮ ಆ ಕಡೆ ಓಡಿದರು.

ಆಗ ಸರ್ಜನ್ ತಲೆಯೆತ್ತದೆ ಕೇಳಿದ: "ಈಯಮ್ಮ ಬಸ್‌ಸ್ಟ್ಯಾಂಡಲ್ಲಿ ಕೂಗೋರಂತಲ್ಲೋ ಟೇಪು. ಬರುತ್ತಾ ನಿನಗೆ?"

ಬರುತ್ತಾ ಎಂದು ಕೇಳುವುದೇ? ಟೇಪು ಗಂಟಲು ಸರಿಮಾಡಿಕೊಂಡ.

"ಪ್ರಯಾಣಿಕರ ಗಮನಕ್ಕೆ. ಐವತ್ತು ವರ್ಷದಿಂದ ಮದುವೆ ಬಸ್ಸಿಗಾಗಿ ಕಾಯುತ್ತಿರುವ ಪ್ರಯಾಣಿಕರು ದಯವಿಟ್ಟು ಮನೆಗೆ ಹಿಂತಿರುಗಬೇಕಾಗಿ ವಿನಂತಿ. ಈ ಗಾತ್ರದ ಲಗೇಜಿಗೆ ಯಾವ ಬಸ್ಸಿನಲ್ಲೂ ಜಾಗ ಇರುವುದಿಲ್ಲ."

ಇಡೀ ಕೋಣೆ ಗೊಳ್ಳೆಂದಿತು. ನಗು ತಡೆಯಲಾಗದೆ ಸರ್ಜನ್ ಕೈ ನಿಲ್ಲಿಸಿ, "ಇನ್ನೊಂದ್ಸಲ ಹೇಳೋ" ಎಂದ. ಟೇಪು ಇನ್ನೊಂದು ಸಲ ಹೇಳಿದ, ಇನ್ನಷ್ಟು ರಾಗ ಎಳೆದು. ಹೇಳುತ್ತಲೇ ಮೆಚ್ಚುಗೆಗಾಗಿ ಸುತ್ತ ನೋಡಿದವನ ಕಣ್ಣು ಪರದೆಯ ಮೇಲೆ ಬಿತ್ತು.

ಎಂಬತ್ತೆರಡು.

ದಪ್ಪ ಅಲೆಗಳಿಲ್ಲ. ಮುಳ್ಳುಬೇಲಿಯಂಥ ಗಿಜಿಗಿಜಿ ಗೆರೆ. ನಾಡಿ ನೂರಿಪ್ಪತ್ತರ ಮೇಲೆ. ಕತ್ತು ತಾನಾಗಿ ಡಬ್ಬಿಯ ಕಡೆ ತಿರುಗಿತು. ಗಾಜಿನ ಕಿಂಡಿ ಒಣಗಿ ಖಾಲಿ. ಮೈಯ ಸ್ನಾಯುಗಳನ್ನು ಕಟ್ಟಿಹಾಕುವ ಔಷಧ ಬೇರೆ, ನೋವಿನ ಔಷಧ ಬೇರೆ, ಅವೆರಡೂ ನಡೆದಿದ್ದವು. ಅರಿವನ್ನು ಕಟ್ಟಿಹಾಕುವ ಔಷಧವೊಂದೇ ಯಾವಾಗಲೋ ಮುಗಿದುಹೋಗಿತ್ತು. ಆ ಹೆಂಗಸಿಗೆ ಬೆರಳ ತುದಿ ಅಲುಗಿಸಲೂ ಆಗದು, ಗಂಟಲಲ್ಲಿ ನಳಿಗೆ. ಒಳಗೆ ಮಾರ್ಕೆಟ್ಟು ಬಾಗಿಲು ತೆರೆದು ಕೂತಿತ್ತು.

ಬಾಟಲಿ ತೆಗೆದು ಡಬ್ಬಿ ತುಂಬಿಸಿದ. ಯಾರೂ ಗಮನಿಸಲಿಲ್ಲ. ಆಮೇಲೆ ಆಕೆಯ ಮುಖ ನೋಡಿದ. ಕಣ್ಣು ತೆರೆಯದಂತೆ ರೆಪ್ಪೆಗೆ ಅಂಟಿಸಿದ್ದ ಟೇಪಿನ ಅಂಚಿನಿಂದ ನೀರು ಜಿನುಗಿ ಕಿವಿಯ ಕಡೆ ಹರಿದಿತ್ತು. ಹತ್ತಿಬಟ್ಟೆಯ ತುಂಡಿನಿಂದ ಅದನ್ನು ಒರೆಸಿದ. ಪರದೆಯ ಮೇಲೆ ಅಲೆ ಮೆಲ್ಲಮೆಲ್ಲನೆ ದಪ್ಪಗಾಗುವುದನ್ನು ನೋಡುತ್ತ ನಿಂತ.

ಡಾಕ್ಟರಮ್ಮ ಮರಳಿ ಬಂದು ಕೇಳಿದರು: "ಎಲ್ಲ ಸರಿ ಇದೆಯಾ?"

"ಸರಿ ಇದೆ ಮೇಡಂ."

ಬಹಳ ಜನಕ್ಕೆ ಇಂಥದ್ದು ನೆನಪೇ ಉಳಿಯುವುದಿಲ್ಲ ಎಂದು ಅವನು ಕೇಳಿದ್ದ. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ದಿನ ತಳ್ಳಿದ. ಒಂದು ವಾರ, ಎರಡು ವಾರ. ನಿಲ್ದಾಣದಲ್ಲಿ ಯಾರೋ ಗಂಡಸು ಒರಟು ಧ್ವನಿಯಲ್ಲಿ ಬಸ್ಸುಗಳ ಹೊತ್ತು ಹೇಳುತ್ತಿದ್ದ. ಆಪರೇಷನ್ ಆದವರು ರಜೆ ಹಾಕುವುದಿಲ್ಲವೇ ಎಂದುಕೊಂಡ. ಮೂರನೇ ವಾರ ತಡೆಯಲಾರದೆ ಟಿಕೆಟ್ ಕೌಂಟರಿನವನನ್ನು ಕೇಳಿದ. "ಬಂದಿದ್ರು. ಮೈಕ್ ಮುಂದೆ ಕೂತರೆ ಮಾತೇ ಹೊರಡಲ್ಲವಂತೆ. ಆಸ್ಪತ್ರೆಯವರು ಗಂಟಲು ಕೆಡಿಸಿಟ್ಟಿದಾರೆ" ಎಂದ ಅವನು.

ಮಾರನೇ ವಾರ ಅಕ್ಕನೇ ತಮ್ಮನ ಜೊತೆ ಆಸ್ಪತ್ರೆಗೆ ಬಂದಳು. ಸರ್ಜನ್‌ನ ಕೋಣೆಗೆ ಡಾಕ್ಟರಮ್ಮನನ್ನೂ ಕರೆಸಿದ್ದರು. ಫೈಲು ಹಿಡಿದುಕೊಂಡು ಟೇಪು ಬಾಗಿಲ ಬಳಿ ನಿಂತಿದ್ದ.

"ನನಗೆ ಎಚ್ಚರ ಇತ್ತು" ಎಂದಳು ಆಕೆ, ಮಡಿಲಲ್ಲಿದ್ದ ಕೈಚೀಲವನ್ನೇ ನೋಡುತ್ತ. "ಮಾತು ಕೇಳಿಸ್ತಿತ್ತು. ಕಿರುಚ್ಕೋಬೇಕು ಅಂತ ಎಷ್ಟು ಹೊಡೆದಾಡಿದೆ ಗೊತ್ತಾ? ರೆಪ್ಪೆ ಕೂಡ ಅಲ್ಲಾಡಲಿಲ್ಲ."

"ಏನು ಮಾತು ಕೇಳಿಸ್ತಮ್ಮ?" ಎಂದರು ಡಾಕ್ಟರಮ್ಮ.

ಆಕೆಯ ಮುಖ ಕೆಂಪಾಯಿತು. "ಏನೋ ಬಸ್ಸು ಅಂತ" ಎಂದಳು.

ಸರ್ಜನ್ ನಕ್ಕುಬಿಟ್ಟ. "ಬಸ್‌ಸ್ಟ್ಯಾಂಡಲ್ಲಿ ಕೆಲಸ ಮಾಡೋರಿಗೆ ಬಸ್ಸಿನ ಕನಸಲ್ಲದೆ ವಿಮಾನದ ಕನಸು ಬೀಳುತ್ತೇನಮ್ಮ? ಔಷಧದ ಅಮಲಲ್ಲಿ ಹೀಗೆಲ್ಲ ಆಗುತ್ತೆ. ನೀವು ಇದನ್ನೇ ತಲೆಗೆ ಹಚ್ಕೊಂಡ್ರೆ ಹೇಗೆ?"

ತಮ್ಮ ಕೂಡಲೇ ಮುಂದೆ ಬಂದ. "ನಾನೂ ಅದೇ ಹೇಳ್ತಿದೀನಿ ಡಾಕ್ಟ್ರೇ, ಕೇಳಲ್ಲ. ಮನೇಲಿ ಕೂತ ಕಡೇನೇ ಕೂತಿರ್ತಾಳೆ. ತಲೆಗೇನಾದ್ರೂ ಮಾತ್ರೆ ಇದ್ರೆ ಬರೆದುಕೊಡಿ."

ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದ ಟೇಪುವಿಗೆ ಗೊತ್ತಿತ್ತು. ಆ ಕೋಣೆಯಲ್ಲಿ ಅದು ಕನಸಲ್ಲವೆಂದು ಖಂಡಿತವಾಗಿ ಗೊತ್ತಿದ್ದವನು ಅವನೊಬ್ಬನೇ. ಅವನು ಫೈಲಿನ ಹಾಳೆಗಳನ್ನು ಸರಿಮಾಡಿಕೊಂಡ. ಗಂಟಲಿನ ಡಾಕ್ಟರಿಗೊಮ್ಮೆ ತೋರಿಸಿ ಎಂದು ಸರ್ಜನ್ ಚೀಟಿ ಬರೆದು ಕೈತೊಳೆದುಕೊಂಡ. ಹೊರಗೆ ಬಂದ ಆಕೆ ಟೇಪುವಿನ ಎದುರು ನಿಂತಳು. "ಅಣ್ಣಾ, ಗಂಟಲು ಡಾಕ್ಟರ ರೂಮು ಯಾವ ಕಡೆ?"

ಬಾಯಿ ತೆರೆದರೆ ಧ್ವನಿಯ ಗುರುತು ಸಿಕ್ಕಿಬಿಡುತ್ತದೆ. ಅವನು ಕೈಯೆತ್ತಿ ಬಲಗಡೆ ತೋರಿಸಿದ.

"ಅವತ್ತು ನನ್ನ ಹಣೆಗೆ ಪಟ್ಟಿ ಹಾಕಿದ್ದು ನೀವೇ ಅಲ್ವಾ?"

ಅವನು ತಲೆಯಾಡಿಸಿದ, ಅಷ್ಟೇ. ಆಕೆ ಅವನನ್ನೇ ಒಂದು ಗಳಿಗೆ ನೋಡಿ ಹೊರಟುಹೋದಳು. ಊರಿನವರ ಧ್ವನಿಯನ್ನೆಲ್ಲ ಕದ್ದು ಮೆರೆದವನು ತನ್ನ ಸ್ವಂತ ಧ್ವನಿ ಹೊರಗೆ ಬಿಡಲು ಹೆದರಿ ಮೂಗನಂತೆ ನಿಂತಿದ್ದ. ಕಿವಿ, ಕೆನ್ನೆ, ಕುತ್ತಿಗೆ ಎಲ್ಲ ಬಿಸಿಯಾಗಿ, ಫೈಲನ್ನು ಅಲ್ಲೇ ಬೆಂಚಿನ ಮೇಲಿಟ್ಟು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತ. ಕನ್ನಡಿ ನೋಡಲಿಲ್ಲ.

ಮನೆಯಲ್ಲಿ ಮಗಳು, "ಅಪ್ಪಾ, ಬಸ್‌ಸ್ಟ್ಯಾಂಡ್ ಆಂಟಿ ಮಾಡು" ಎಂದು ಜೋತುಬಿದ್ದಾಗ ಅವನು ಎಂದೂ ಇಲ್ಲದಂತೆ ರೇಗಿದ. ಮಗು ಪೆಚ್ಚಾಯಿತು. "ಅದರ ಮೇಲ್ಯಾಕೆ ಹಾರಾಡ್ತೀರಿ? ಏನಾಗಿದೆ ನಿಮಗೆ?" ಎಂದಳು ಹೆಂಡತಿ. "ತಲೆನೋವು" ಎಂದ. ಊಟದ ತಟ್ಟೆಯ ಮುಂದೆ ಕೂತರೂ ರೆಪ್ಪೆಗೆ ಅಂಟಿಸಿದ್ದ ಆ ಟೇಪಿನ ಒದ್ದೆ ಅಂಚು ಕಣ್ಣಿಗೆ ಕಟ್ಟುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಗಾಜಿನ ಗೂಡಿನಲ್ಲಿ ಅಕ್ಕ ಕಂಡಳು. ಕೆಲಸಕ್ಕೆ ಬಂದಿದ್ದಳು. ಕಾಗದ ಸರಿಮಾಡಿಕೊಂಡಳು, ನೀರು ಕುಡಿದಳು, ಗುಂಡಿ ಒತ್ತಿದಳು. ಧ್ವನಿವರ್ಧಕ ಕೊರ್ರೆಂದು, "ಪ್ರಯಾಣಿಕರ ಗ..." ಎಂದು ನಿಂತುಹೋಯಿತು. ಜನ ತಲೆಯೆತ್ತಿ ನೋಡಿದರು. ಮತ್ತೆ, "ಪ್ರಯಾಣಿಕರ..." ಆಮೇಲೆ ಬರಿಯ ಉಸಿರು. ಉಸಿರು ಇಡೀ ನಿಲ್ದಾಣಕ್ಕೆ ಕೇಳಿಸಿತು. ಬೆಂಚಿನ ಮೇಲಿದ್ದ ಇಬ್ಬರು ಯುವಕರು, "ಬಸ್ಸಿಗಿಂತ ಮೊದಲು ಇವರೇ ಕೆಟ್ಟು ನಿಂತ್ರಲ್ಲೋ" ಎಂದು ನಕ್ಕರು. ಗಾಜಿನ ಹಿಂದೆ ಆಕೆ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು.

ಟೇಪು ಬಸ್ಸಿಳಿದವನೇ ಸೀದಾ ಡಾಕ್ಟರಮ್ಮನ ಕೋಣೆಗೆ ಹೋದ. ಕೂರಲಿಲ್ಲ. ಖಾಲಿ ಡಬ್ಬಿ, ಬಾಯಿ ಮುಚ್ಚಿಸಿದ ಅಲಾರಂ, ಆಡಿದ ಮಾತು, ಒರೆಸಿದ ಕಣ್ಣೀರು, "ಸರಿ ಇದೆ ಮೇಡಂ" ಎಂದ ಸುಳ್ಳು, ಒಂದನ್ನೂ ಬಿಡದೆ ಹೇಳಿದ. ನೆಲ ನೋಡಿಕೊಂಡೇ ಹೇಳಿದ.

ಡಾಕ್ಟರಮ್ಮ ಬೈಯಲಿಲ್ಲ. ಯಂತ್ರದಲ್ಲಿ ಉಳಿದಿದ್ದ ಅವತ್ತಿನ ದಾಖಲೆಯನ್ನು ತೆಗೆಸಿ ಮೇಜಿನ ಮೇಲೆ ಹರಡಿದರು. ಹತ್ತು ನಲವತ್ತೆರಡರವರೆಗೆ ಅಲೆ ಸರಾಗವಾಗಿತ್ತು. ಅಲ್ಲಿಂದ ಹತ್ತು ಐವತ್ತೊಂದರವರೆಗೆ ಮುಳ್ಳು. ಮತ್ತೆ ಅಲೆ.

"ಒಂಬತ್ತು ನಿಮಿಷ" ಎಂದರು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಎರಡು ನಿಮಿಷ ಅಂತ ಹೋದವಳು ನಾನು ಎಷ್ಟು ಹೊತ್ತಿಗೆ ಬಂದೆ ನೋಡು. ಆಯಮ್ಮ ಬಂದು ನನ್ನೆದುರೇ ಕೂತು ಹೇಳಿದ್ರು, ಆಗಲೂ ಇದನ್ನ ತೆಗೆದು ನೋಡಲಿಲ್ಲ. ನೋಡಿದ್ರೆ ಏನು ಕಾಣುತ್ತೋ ಅಂತಾನೇ ನೋಡಲಿಲ್ವೇನೋ." ಹಾಳೆಗಳನ್ನು ಜೋಡಿಸುತ್ತ, "ಬರೆದುಕೊಡು. ನಾನೂ ಬರೀತೀನಿ. ಆಮೇಲೆ ಇಬ್ಬರೂ ಅವರ ಮನೆಗೆ ಹೋಗೋಣ."

ಭಾನುವಾರ ಹೋದರು. ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ. ತಮ್ಮ ಕುರ್ಚಿ ಎಳೆದುಹಾಕಿದ, ಅವನ ಹೆಂಡತಿ ನೀರು ತಂದಿಟ್ಟಳು. ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಡಾಕ್ಟರಮ್ಮ ಸುತ್ತುಬಳಸಿಲ್ಲದೆ ಹೇಳಿದರು: ಕನಸಲ್ಲ, ಭ್ರಮೆಯಲ್ಲ, ತಪ್ಪು ನಮ್ಮದು, ಔಷಧ ತುಂಬಿಸದೆ ಬಿಟ್ಟು ಅಣಕವಾಡಿದ್ದೂ ಆಮೇಲೆ ಕಣ್ಣು ಒರೆಸಿದ್ದೂ ಇವನೇ, ಇಗೋ ಈ ಹಾಳೆಯಲ್ಲಿದೆ ಗುರುತು.

ಆಕೆ ಆ ಹಾಳೆಯನ್ನು ಕೈಗೆ ತೆಗೆದುಕೊಂಡು ಮುಳ್ಳುಗೆರೆಯ ಮೇಲೆ ಬೆರಳಾಡಿಸಿದಳು. "ಒಂಬತ್ತೇ ನಿಮಿಷನಾ? ನನಗೆ ಇಡೀ ದಿನ ಅನ್ನಿಸಿತ್ತು." ಆಮೇಲೆ ತಮ್ಮನ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ? ನನಗೆ ತಲೆ ಕೆಟ್ಟಿರಲಿಲ್ಲ" ಎಂದಳು.

ತಮ್ಮ ಟೇಪುವಿನ ಮೇಲೆ ಏರಿಬಂದ. "ಏನಯ್ಯಾ ಅಂದಿದ್ದು ನೀನು ನಮ್ಮಕ್ಕನ್ನ? ಹೇಳು, ಏನಂದೆ?"

ಅದನ್ನು ಈ ಮನೆಯೊಳಗೆ ನಿಂತು ಹೇಗೆ ಹೇಳುವುದು? ಟೇಪು ತುಟಿ ಬಿಚ್ಚುವ ಮೊದಲೇ ಕಿಟಕಿಯ ಕಡೆಯಿಂದ ಮಾತು ಬಂತು. ಅನೌನ್ಸ್‌ಮೆಂಟಿನದೇ ಧ್ವನಿ, ಸ್ವಲ್ಪ ಒಡೆದಿತ್ತು.

"ಪ್ರಯಾಣಿಕರ ಗಮನಕ್ಕೆ. ಐವತ್ತು ವರ್ಷದಿಂದ ಮದುವೆ ಬಸ್ಸಿಗಾಗಿ ಕಾಯುತ್ತಿರುವ ಪ್ರಯಾಣಿಕರು..." ಎಂದು ಶುರುಮಾಡಿ, ಲಗೇಜಿನ ಮಾತಿನವರೆಗೂ ಒಂದಕ್ಷರ ಬಿಡದೆ ಆಕೆ ಹೇಳಿ ಮುಗಿಸಿದಳು.

ತಮ್ಮ ಎತ್ತಿದ ಕೈ ಇಳಿಸಿ ಗೋಡೆ ನೋಡಿದ. ಅವನ ಹೆಂಡತಿ ಒಳಗೆ ಹೋಗಿಬಿಟ್ಟಳು. ಇಂಥ ಮಾತು ಆ ಮನೆಯಲ್ಲೂ ಹೊಸದಲ್ಲವೇನೋ ಎಂದು ಟೇಪುವಿಗೆ ಅನ್ನಿಸಿತು. ಆದರೆ ಅದರಿಂದ ಅವನ ಹೊರೆಯೇನೂ ಇಳಿಯಲಿಲ್ಲ.

"ತಪ್ಪಾಯ್ತಕ್ಕಾ" ಎಂದ. ಅದು ತನ್ನದೇ ಧ್ವನಿ ಎಂದು ಅವನಿಗೇ ನಂಬಿಕೆ ಬರಲಿಲ್ಲ.

"ಔಷಧ ತುಂಬಿಸೋದು ಮರೆತ್ರಿ. ಸರಿ, ಮರೆವು ಯಾರಿಗೆ ಬರಲ್ಲ? ನಾನೂ ಎಷ್ಟೋ ಸಲ ತಪ್ಪು ಬಸ್ಸು ಕೂಗಿದೀನಿ" ಎಂದಳು ಆಕೆ. "ಮಾತೂ ಹೋಗಲಿ, ಕೇಳಿ ಕೇಳಿ ಅಭ್ಯಾಸ ಇದೆ ನನಗೆ. ಆದ್ರೆ ನನ್ನ ಕಣ್ಣು ಒರೆಸಿದ್ರಲ್ಲ, ಅದು ನನಗೆ ಗೊತ್ತಾಯ್ತು. ಬಟ್ಟೆ ತಾಗಿದ್ದು ಗೊತ್ತಾಯ್ತು. ಸದ್ಯ, ಯಾರಿಗೋ ತಿಳೀತಪ್ಪ, ಈಗ ಕಿವಿ ಹತ್ರ ಬಂದು 'ಹೆದರಬೇಡಿ' ಅಂತ ಒಂದು ಮಾತು ಹೇಳ್ತಾರೆ ಅಂತ ಕಾದೆ. ಕಾಯ್ತಾ ಕಾಯ್ತಾನೇ ಮಂಪರು ಬಂತು."

ನೆಲ ಬಾಯಿಬಿಟ್ಟು ನುಂಗಿದ್ದರೆ ಟೇಪು ಇಳಿದುಹೋಗುತ್ತಿದ್ದ. ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಆ ಹಾಳೆಯನ್ನು ಮಡಚಿ ಕೈಚೀಲದಲ್ಲಿ ಇಟ್ಟುಕೊಂಡಳು. ಇಬ್ಬರೂ ಮೆಟ್ಟಿಲಿಳಿದು ಬಂದರು.

ವಿಚಾರಣೆ ನಡೆಯಿತು. ಅವನನ್ನು ಒಂದು ವರ್ಷ ನೆಲಮಾಳಿಗೆಯಲ್ಲಿ ಆಪರೇಷನ್ನಿನ ಉಪಕರಣ ತೊಳೆದು ಬೇಯಿಸುವ ವಿಭಾಗಕ್ಕೆ ಹಾಕಿದರು. ಡಾಕ್ಟರಮ್ಮನ ಬಡ್ತಿ ನಿಂತಿತು. ಸರ್ಜನ್‌ಗೆ ಏನೂ ಆಗಲಿಲ್ಲ. ಲಿಫ್ಟಿನಲ್ಲಿ ಎದುರಾದಾಗ, "ಅಷ್ಟೆಲ್ಲ ಬರೆದುಕೊಡೋದು ಏನಿತ್ತೋ ಮಾರಾಯ" ಎಂದ. ಹೆಂಡತಿಗೆ ಟೇಪು ತಾನಾಗಿ ಎಲ್ಲ ಹೇಳಿದ. ಅವಳು ಎರಡು ದಿನ ಅವನಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೇ ದಿನ, "ನಾನು ಮಲಗಿದ್ದರೂ ಹಾಗೇ ಅಂತಿದ್ರಾ?" ಎಂದು ಕೇಳಿದಳು. ಅವನು ಇಲ್ಲ ಎನ್ನಲು ಹೋಗಿ ಸುಮ್ಮನಾದ.

ವರ್ಷ ಕಳೆದು ಥಿಯೇಟರಿಗೆ ಮರಳಿದ ಮೇಲೆ ಅವನ ಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪು ಹುಡುಕಿದರೂ ಸಿಗುತ್ತಿರಲಿಲ್ಲ. ಅಣಕ ಪೂರ್ತಿ ನಿಂತಿತ್ತು. ಹೊಸ ನರ್ಸುಗಳು ಅವನನ್ನು ಗಂಟುಮೋರೆಯವನು ಎಂದುಕೊಂಡಿದ್ದರು. ರೋಗಿ ಆಳದ ಅಲೆಯಲ್ಲಿದ್ದರೂ ಒಮ್ಮೊಮ್ಮೆ ಬಗ್ಗಿ ಕಿವಿಯ ಬಳಿ, "ಹೊಲಿಗೆ ಹಾಕ್ತಿದಾರೆ, ಇನ್ನೇನು ಆಗೋಯ್ತು" ಎನ್ನುತ್ತಿದ್ದ. ನೋಡಿದವರು ನಗುತ್ತಿದ್ದರು.

ಅಕ್ಕ ನಾಲ್ಕು ತಿಂಗಳಿಗೆ ಮೈಕಿಗೆ ಮರಳಿದ್ದಳು. 'ಪ್ರಯಾಣಿಕರ ಗಮನಕ್ಕೆ' ಎಂಬುದನ್ನು ಬಿಟ್ಟು ನೇರವಾಗಿ ಬಸ್ಸಿನ ನಂಬರಿನಿಂದಲೇ ಶುರುಮಾಡುತ್ತಾಳಂತೆ. ಹಾಗೆಂದು ಹೆಂಡತಿ ಹೇಳಿದಳು. ಅವನು ಸ್ವತಃ ಕೇಳಿಲ್ಲ. ನಿಲ್ದಾಣಕ್ಕೆ ಒಂದು ಸ್ಟಾಪು ಮೊದಲೇ ಇಳಿದು, ಹಿಂದಿನ ಗಲ್ಲಿಯ ಬಟ್ಟೆ ಒಗೆಯುವ ಅಂಗಡಿ, ಸೈಕಲ್ ಅಂಗಡಿಗಳನ್ನು ದಾಟಿ ಆಸ್ಪತ್ರೆಗೆ ಇಪ್ಪತ್ತು ನಿಮಿಷ ನಡೆದೇ ಹೋಗುತ್ತಾನೆ. ಗಾಳಿ ಆ ಕಡೆಯಿಂದ ಬೀಸಿದ ದಿನ ಧ್ವನಿವರ್ಧಕದ ಸದ್ದು ಗಲ್ಲಿಯವರೆಗೂ ತೇಲಿಬರುತ್ತದೆ. ಮಾತು ಸ್ಪಷ್ಟವಾಗಿ ತಿಳಿಯುವುದಿಲ್ಲ. ಅಂಥ ದಿನ ಅವನು ಸ್ವಲ್ಪ ಬೇಗ ಬೇಗ ಹೆಜ್ಜೆ ಹಾಕುತ್ತಾನೆ.